ಗುಣನಡತೆಯ ಪರಿಶೀಲನೆ ಮತ್ತು ನಮ್ಮ ಮಕ್ಕಳ ನಾಳೆ

(ಶಾಲಾ ಶತಮಾನೋತ್ಸವದ ಅಂಗವಾಗಿ ನಡೆದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ಹಿಂದಿನವರನ್ನು ನೆನೆಯುವುದು ನಮ್ಮ ಕರ್ತವ್ಯ. ಆ ಕೆಲಸವನ್ನು ನನಗಿಂತ ಹಿರಿಯರಾದವರು ಈ ವೇದಿಕೆಯಲ್ಲಿ ಸೊಗಸಾಗಿ ನೆರವೇರಿಸಿದ್ದಾರೆ. ನನ್ನ ಪಾಲಿಗೆ ಬಂದ ಹೊತ್ತನ್ನು ಇಲ್ಲಿಂದ ಹೊರಗೆ ಹೋಗುವ ಮಕ್ಕಳ ಬಗ್ಗೆ ಮಾತನಾಡಲು ಬಳಸಿಕೊಳ್ಳುತ್ತೇನೆ. ವಿಷಯ ಹಬ್ಬದ ದಿನಕ್ಕೆ ತುಸು ಒರಟಾಗಿ ಕಾಣಬಹುದು. ಆದರೆ ಇಷ್ಟು ಮಂದಿ ಹೆತ್ತವರು ಒಟ್ಟಿಗೆ ಸಿಗುವ ದಿನ ಮತ್ತೆ ಬೇಗ ಬಾರದು.

ವಿಷಯ ಇದು: ಸರಕಾರಿ ನೌಕರಿಗೆ, ಅದರಲ್ಲಿಯೂ ಸೇನೆ, ಪೊಲೀಸ್, ರಕ್ಷಣಾ ಕಾರ್ಖಾನೆ, ಸಂಶೋಧನಾ ಸಂಸ್ಥೆ ಮೊದಲಾದ ಭದ್ರತೆಯ ಕ್ಷೇತ್ರಗಳಿಗೆ ಆಯ್ಕೆಯಾದವರ ಗುಣನಡತೆಯನ್ನು ಸರಕಾರ ಹೇಗೆ ಪರಿಶೀಲಿಸುತ್ತದೆ? ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ಮಾಡಿದ ಒಂದು ತಪ್ಪು ಆ ಪರಿಶೀಲನೆಯಲ್ಲಿ ಎಷ್ಟು ತೂಗುತ್ತದೆ?

ನಮ್ಮ ಕಾಸರಗೋಡಿನ ಮಟ್ಟಿಗೆ ಇದು ದೂರದ ಮಾತಲ್ಲ. ಸೀತಾಂಗೋಳಿಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆಯಿದೆ. ಪಕ್ಕದ ಕಣ್ಣೂರು ಜಿಲ್ಲೆಯ ಏಳಿಮಲೆಯಲ್ಲಿ ನೌಕಾ ಅಕಾಡೆಮಿಯಿದೆ. ನಮ್ಮ ಮಕ್ಕಳು ಅರೆಸೇನಾ ಪಡೆಗಳ ಪರೀಕ್ಷೆ ಬರೆಯುತ್ತಾರೆ, ರೈಲ್ವೆಯ ಪರೀಕ್ಷೆ ಬರೆಯುತ್ತಾರೆ. ಕೊಲ್ಲಿ ರಾಷ್ಟ್ರಗಳಿಗೆ ಹೊರಡುವವರಿಗೂ ಪಾಸ್‌ಪೋರ್ಟಿಗಾಗಿ ಪೊಲೀಸ್ ವಿಚಾರಣೆ ನಡೆಯುತ್ತದೆ. ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ಬಾಕಿಯಿದ್ದರೆ 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಪಾಸ್‌ಪೋರ್ಟನ್ನು ನಿರಾಕರಿಸಲು ಅವಕಾಶವಿದೆ. ಪರೀಕ್ಷೆಗೆ ವರ್ಷಗಟ್ಟಲೆ ಓದಿಸುವ ನಾವು, ಪರೀಕ್ಷೆ ಗೆದ್ದ ಮೇಲೆ ಎದುರಾಗುವ ಈ ಇನ್ನೊಂದು ಪರೀಕ್ಷೆಯ ಬಗ್ಗೆ ಮಕ್ಕಳಿಗೆ ಒಂದು ಮಾತನ್ನೂ ಹೇಳುವುದಿಲ್ಲ.

ಮೊದಲು ಆ ನಮೂನೆಯ ವಿಚಾರ. ಕೇಂದ್ರ ಸರಕಾರದ ಸೇವೆಗೆ ಆಯ್ಕೆಯಾದವರಿಗೆ ‘ಅಟೆಸ್ಟೇಷನ್ ಫಾರ್ಮ್’ ಎಂಬ ದೃಢೀಕರಣ ನಮೂನೆಯೊಂದು ಬರುತ್ತದೆ. ಹೆಸರು, ಹುಟ್ಟಿದ ದಿನಾಂಕ, ಓದಿದ ಶಾಲೆಗಳು, ಕಳೆದ ವರ್ಷಗಳಲ್ಲಿ ವಾಸವಿದ್ದ ಸ್ಥಳಗಳು, ಪರಿಚಯವಿರುವ ಜವಾಬ್ದಾರಿಯುತ ವ್ಯಕ್ತಿಗಳು, ಇವೆಲ್ಲವನ್ನೂ ಅದರಲ್ಲಿ ಬರೆಯಬೇಕು. ನಂತರ ಅದು ಜಿಲ್ಲಾಡಳಿತಕ್ಕೂ ಪೊಲೀಸ್ ಇಲಾಖೆಗೂ ಹೋಗುತ್ತದೆ. ಠಾಣೆಯ ಕಡತಗಳನ್ನು ನೋಡುತ್ತಾರೆ, ನೆರೆಕರೆಯಲ್ಲಿ ವಿಚಾರಿಸುತ್ತಾರೆ. ಶಾಲೆಗೆ ವಿಚಾರಣೆ ಬಂದರೆ ದಾಖಲಾತಿ ಪುಸ್ತಕವನ್ನು ತೆರೆದು ತೋರಿಸುವುದು ನಮ್ಮ ಕೆಲಸ. ರಹಸ್ಯ ಸ್ವರೂಪದ ಹುದ್ದೆಗಳಲ್ಲಿ ಈ ವಿಚಾರಣೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಆ ನಮೂನೆಯ ಆರಂಭದಲ್ಲಿಯೇ ಒಂದು ಎಚ್ಚರಿಕೆ ಇರುತ್ತದೆ. ಸುಳ್ಳು ಮಾಹಿತಿ ಕೊಡುವುದು ಅಥವಾ ನಿಜವನ್ನು ಮರೆಮಾಚುವುದು ಅನರ್ಹತೆಗೆ ಕಾರಣವಾಗುತ್ತದೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಗಮನಿಸಬೇಕಾದದ್ದು, ಆ ಎಚ್ಚರಿಕೆ ಹೇಳುವುದು ಮಾಡಿದ ತಪ್ಪಿನ ಬಗ್ಗೆ ಅಲ್ಲ, ಮುಚ್ಚಿಟ್ಟ ತಪ್ಪಿನ ಬಗ್ಗೆ. ನನ್ನ ಇಂದಿನ ಮಾತಿನ ತಿರುಳೂ ಅದೇ.

ಇನ್ನು ಪ್ರಶ್ನೆಗಳು. ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ನಿಮ್ಮ ಮೇಲೆ ಎಂದಾದರೂ ಮೊಕದ್ದಮೆ ನಡೆದಿದೆಯೇ? ಒಳ್ಳೆಯ ನಡತೆಗಾಗಿ ನಿಮ್ಮಿಂದ ಮುಚ್ಚಳಿಕೆ ಬರೆಯಿಸಿಕೊಳ್ಳಲಾಗಿದೆಯೇ? ನ್ಯಾಯಾಲಯ ದಂಡ ವಿಧಿಸಿದೆಯೇ? ಅಪರಾಧಿಯೆಂದು ತೀರ್ಮಾನಿಸಿದೆಯೇ? ಯಾವುದೇ ಪರೀಕ್ಷೆಗೆ ಕುಳಿತುಕೊಳ್ಳದಂತೆ ನಿಮ್ಮನ್ನು ತಡೆಯಲಾಗಿದೆಯೇ, ವಿದ್ಯಾಸಂಸ್ಥೆಯಿಂದ ಹೊರಹಾಕಲಾಗಿದೆಯೇ? ಈ ನಮೂನೆ ತುಂಬುವ ಹೊತ್ತಿಗೆ ಯಾವುದಾದರೂ ಮೊಕದ್ದಮೆ ಬಾಕಿ ಇದೆಯೇ?

ಕೇಳಲು ಎಲ್ಲವೂ ಒಂದೇ ಪ್ರಶ್ನೆಯಂತೆ ತೋರುತ್ತದೆ. ಆದರೆ ಬಂಧನ ಬೇರೆ, ಮೊಕದ್ದಮೆ ಬೇರೆ, ಶಿಕ್ಷೆ ಬೇರೆ. ರಾಜಿಯಾಗಿ ಮುಗಿದ ಜಗಳದಲ್ಲಿ ಶಿಕ್ಷೆ ಆಗಿರಲಿಕ್ಕಿಲ್ಲ, ಆದರೆ ಮೊಕದ್ದಮೆ ನಡೆದಿತ್ತು. ಠಾಣೆಯಿಂದ ಜಾಮೀನಿನ ಮೇಲೆ ಸಂಜೆಗೇ ಮನೆಗೆ ಬಂದಿರಬಹುದು, ಆದರೆ ಬಂಧನ ಆಗಿತ್ತು. ನಮ್ಮ ಜನ ‘ಕೇಸು ಮುಗಿಯಿತಲ್ಲ’ ಎಂದುಕೊಂಡು ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಪ್ರಶ್ನೆಯಲ್ಲಿರುವ ‘ಎಂದಾದರೂ’ ಎಂಬ ಪದ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಷ್ಟ ಹುಟ್ಟುವುದು ಅಲ್ಲಿಂದ.

ಈ ಸಂದರ್ಭದಲ್ಲಿ, ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಿಕೆಯಾಗಿ ನಾನು ಮರೆಯಲಾರದ ಒಂದು ತೀರ್ಪನ್ನು ನಿಮ್ಮ ಮುಂದಿಡಬೇಕು. 2003ರಲ್ಲಿ ಸುಪ್ರೀಂ ಕೋರ್ಟು ಕೇಂದ್ರೀಯ ವಿದ್ಯಾಲಯ ಸಂಘಟನೆಯ ಮೇಲ್ಮನವಿಯೊಂದನ್ನು ತೀರ್ಮಾನಿಸಿತು. ದೈಹಿಕ ಶಿಕ್ಷಣ ಶಿಕ್ಷಕರಾಗಿ ನೇಮಕಗೊಂಡ ಒಬ್ಬರು ದೃಢೀಕರಣ ನಮೂನೆಯ ಎರಡು ಕಲಂಗಳಿಗೆ ‘ಇಲ್ಲ’ ಎಂದು ಉತ್ತರಿಸಿದ್ದರು. ಅವರ ಮೇಲೆ ಹೊಡೆದಾಟ, ಅಡ್ಡಗಟ್ಟುವಿಕೆ, ಬೆದರಿಕೆಗಳ ಆರೋಪದ ಮೊಕದ್ದಮೆಯೊಂದು ಆಗ ಬಾಕಿ ಇತ್ತು. ವಿಷಯ ಹೊರಬಿದ್ದಾಗ ಕೆಲಸ ಹೋಯಿತು. ಆ ಮೊಕದ್ದಮೆಯನ್ನು ಮುಂದೆ ಹಿಂತೆಗೆದುಕೊಳ್ಳಲಾಗಿತ್ತು. ಆದರೂ ಸುಪ್ರೀಂ ಕೋರ್ಟು ಕೆಲಸದಿಂದ ತೆಗೆದದ್ದನ್ನು ಎತ್ತಿಹಿಡಿಯಿತು. ನಮೂನೆ ತುಂಬಿದ ದಿನ ಆತ ನಿಜ ಹೇಳಿದರೇ ಇಲ್ಲವೇ ಎಂಬುದೇ ಅಲ್ಲಿ ಮುಖ್ಯವಾಯಿತು. ಎಳೆಯ ಮನಸ್ಸುಗಳ ಮೇಲೆ ಅಧ್ಯಾಪಕನ ನಡತೆ ಬೀರುವ ಪ್ರಭಾವವನ್ನೂ ನ್ಯಾಯಾಲಯ ಎತ್ತಿ ಹೇಳಿತು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಶಿಕ್ಷಕರು ಮುಂದಿಟ್ಟ ಸಮಜಾಯಿಷಿ. ತಾನು ಹಿಂದಿ ಮಾಧ್ಯಮದಲ್ಲಿ ಓದಿದವನು, ಆದುದರಿಂದ ಇಂಗ್ಲಿಷಿನ ಆ ಕಲಂಗಳ ಅರ್ಥ ಸರಿಯಾಗಿ ತಿಳಿಯಲಿಲ್ಲ ಎಂದು ಅವರು ವಾದಿಸಿದ್ದರು. ಪದವಿಯನ್ನೂ ಶಿಕ್ಷಣಶಾಸ್ತ್ರದ ಪದವಿಯನ್ನೂ ಪಡೆದವರು ಹೀಗೆ ಹೇಳುವುದನ್ನು ನಂಬಲಾಗದು ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಹೆತ್ತವರೇ, ಹಿಂದಿ ಮಾಧ್ಯಮದವರಿಗೆ ಸಲ್ಲದ ವಿನಾಯಿತಿ ಕನ್ನಡ ಮಾಧ್ಯಮದವರಿಗೆ ಸಿಗುತ್ತದೆಯೇ? 1956ರ ನವೆಂಬರ್ 1ರ ನಂತರ ಈ ನೆಲದ ಕನ್ನಡಿಗರಿಗೆ ಕಾಗದಪತ್ರಗಳು ಮಲಯಾಳದಲ್ಲಿ ಬರುತ್ತವೆ, ಇಂಗ್ಲಿಷಿನಲ್ಲಿ ಬರುತ್ತವೆ, ಹಿಂದಿಯಲ್ಲಿ ಬರುತ್ತವೆ. ಅಕ್ಷಯ ಕೇಂದ್ರಕ್ಕೆ ಹೋಗಿ ‘ಇದೊಂದು ತುಂಬಿ ಕೊಡಿ’ ಎಂದು ಹೇಳಿ, ತೋರಿಸಿದ ಕಡೆ ಸಹಿ ಹಾಕಿ ಬರುವುದು ನಮಗೆ ರೂಢಿಯಾಗಿದೆ. ಬೆರಳಚ್ಚು ಮಾಡಿದವರು ಬೇರೆಯವರಾದರೂ ಸಹಿ ನಮ್ಮದು, ಹೊಣೆಯೂ ನಮ್ಮದೇ. ಭಾಷಾ ಅಲ್ಪಸಂಖ್ಯಾತರ ಹಕ್ಕಿಗಾಗಿ ನಾವು ಹೋರಾಡಲೇಬೇಕು. ಆದರೆ ಸಹಿ ಹಾಕಿದ ಕಾಗದದಲ್ಲಿ ಏನಿದೆಯೆಂದು ತಿಳಿಯದಿರುವುದು ಹಕ್ಕಲ್ಲ, ಅಪಾಯ.

ಹಾಗಾದರೆ ಒಮ್ಮೆ ತಪ್ಪಿದವನಿಗೆ ಬಾಗಿಲು ಮುಚ್ಚಿಯೇ ಹೋಯಿತೇ? ಇಲ್ಲ. 2011ರಲ್ಲಿ ಅದೇ ಸುಪ್ರೀಂ ಕೋರ್ಟಿನ ಮುಂದೆ ದಿಲ್ಲಿ ಪೊಲೀಸ್ ಇಲಾಖೆಯ ಒಂದು ಪ್ರಕರಣ ಬಂತು. ಯುವಕನೊಬ್ಬ 1999ರಲ್ಲಿ ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕುವಾಗ, ಹಿಂದೆ ರಾಜಿಯಾಗಿ ಖುಲಾಸೆಯಾಗಿದ್ದ ಹೊಡೆದಾಟದ ಮೊಕದ್ದಮೆಯನ್ನು ತಿಳಿಸಿರಲಿಲ್ಲ. ಮುಂದೆ ದೃಢೀಕರಣ ನಮೂನೆ ತುಂಬುವಾಗ ತಾನಾಗಿಯೇ ಅದನ್ನು ಬರೆದ. ಇಲಾಖೆ ಆಯ್ಕೆಯನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟು ಯುವಕನ ಪರ ನಿಂತಿತು. ಹರೆಯದ ಸಣ್ಣಪುಟ್ಟ ತಪ್ಪುಗಳಿಗೆ ಜೀವಮಾನವಿಡೀ ಅಪರಾಧಿಯ ಮುದ್ರೆ ಒತ್ತಬಾರದು ಎಂಬುದು ಆ ತೀರ್ಪಿನ ಭಾವ. ವಿಕ್ಟರ್ ಹ್ಯೂಗೋವಿನ ಕಾದಂಬರಿಯಲ್ಲಿ ಹಸಿದವರಿಗಾಗಿ ರೊಟ್ಟಿ ಕದ್ದ ಜೀನ್ ವಾಲ್‌ಜೀನ್‌ನನ್ನೂ ನ್ಯಾಯಮೂರ್ತಿಗಳು ಅಲ್ಲಿ ನೆನೆದರು.

ಒಂದು ತೀರ್ಪು ಕಠಿಣ, ಇನ್ನೊಂದು ಮೃದು. ಹೀಗೆ ಭಿನ್ನ ಅಭಿಪ್ರಾಯಗಳು ಬೆಳೆದಾಗ ಪ್ರಶ್ನೆ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಅವತಾರ್ ಸಿಂಗ್ ಮೊಕದ್ದಮೆ ಎಂದು ಹೆಸರಾದ ಅದರ ತೀರ್ಪು 2016ರ ಜುಲೈ 21ರಂದು ಬಂತು. ಇಂದಿಗೂ ಇಂಥ ಪ್ರಕರಣಗಳಲ್ಲಿ ಮೊದಲು ನೋಡುವುದು ಅದನ್ನೇ. ಅದರ ಸಾರವನ್ನು ನನಗೆ ತಿಳಿದಂತೆ ಸರಳವಾಗಿ ಹೇಳುತ್ತೇನೆ.

ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು; ಏನನ್ನೂ ಅಡಗಿಸಬಾರದು. ಅಡಗಿಸಿದ್ದು ತಿಳಿದುಬಂದರೆ, ಆ ವಿಷಯ ಎಷ್ಟು ಗಂಭೀರವಾದುದು ಎಂಬುದನ್ನು ಸರಕಾರ ತೂಗಿ ನೋಡಬೇಕು. ಎಳೆಯ ಪ್ರಾಯದಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ ಅದನ್ನು ಮನ್ನಿಸಬಹುದು. ಗಂಭೀರ ಅಪರಾಧವಾದರೆ ನೇಮಕವನ್ನು ರದ್ದುಪಡಿಸಬಹುದು. ಹಲವು ಮೊಕದ್ದಮೆಗಳು ಬಾಕಿ ಇದ್ದು, ಬೇಕೆಂದೇ ಮುಚ್ಚಿಟ್ಟಿದ್ದರೆ ಅದು ಇನ್ನೂ ದೊಡ್ಡ ದೋಷ. ನಮೂನೆಯ ಪ್ರಶ್ನೆ ಸ್ಪಷ್ಟವಾಗಿರಬೇಕು. ಕೇಳದೆ ಇದ್ದುದನ್ನು ಹೇಳಲಿಲ್ಲವೆಂದು ಶಿಕ್ಷಿಸುವಂತಿಲ್ಲ. ತನ್ನ ಮೇಲೆ ಮೊಕದ್ದಮೆ ಇದೆಯೆಂಬುದೇ ಗೊತ್ತಿಲ್ಲದವನನ್ನು ಮರೆಮಾಚಿದವನೆಂದು ಕರೆಯಲಾಗದು. ಇದರ ಜೊತೆಗೆ ಇನ್ನೊಂದು ಮಾತನ್ನೂ ಆ ತೀರ್ಪು ಸೇರಿಸಿದೆ: ಎಲ್ಲವನ್ನೂ ನಿಜವಾಗಿ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂಬ ಒತ್ತಾಯವಿಲ್ಲ, ಪೂರ್ವಚರಿತ್ರೆಯನ್ನು ಪರಿಗಣಿಸುವ ಅಧಿಕಾರ ಸರಕಾರಕ್ಕೆ ಇದ್ದೇ ಇದೆ.

ಆದುದರಿಂದ ನಿಜ ಹೇಳಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಮಕ್ಕಳಿಗೆ ಹುಸಿ ಭರವಸೆ ಕೊಡಲಾರೆ. ಹುದ್ದೆ ಸೂಕ್ಷ್ಮವಾದಷ್ಟೂ ತಕ್ಕಡಿ ಬಿಗಿಯಾಗುತ್ತದೆ. ಪೊಲೀಸ್ ಪಡೆಗೆ ಸೇರುವವರ ನಡತೆ ಕಳಂಕರಹಿತವಾಗಿರಬೇಕು, ಸಾಕ್ಷಿಗಳು ತಿರುಗಿಬಿದ್ದುದರಿಂದಲೋ ಸಂಶಯದ ಲಾಭದಿಂದಲೋ ಖುಲಾಸೆಯಾದವರನ್ನು ಇಲಾಖೆ ತಿರಸ್ಕರಿಸಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಂದೂಕನ್ನೋ ದೇಶದ ಗುಟ್ಟನ್ನೋ ಒಬ್ಬನ ಕೈಗೆ ಒಪ್ಪಿಸುವಾಗ ಸರಕಾರಕ್ಕೆ ಇರುವ ಭಯ ಒಂದೇ: ಇವನ ಬಳಿ ಅಡಗಿಸಬೇಕಾದದ್ದು ಏನಾದರೂ ಇದ್ದರೆ, ಅದನ್ನು ಹಿಡಿದುಕೊಂಡು ಇವನನ್ನು ಬೇರೊಬ್ಬರು ಕುಣಿಸಿಯಾರು. ಒಪ್ಪಿಕೊಂಡ ತಪ್ಪಿನಿಂದ ಯಾರನ್ನೂ ಬೆದರಿಸಲಾಗದು, ಬಚ್ಚಿಟ್ಟ ತಪ್ಪಿನಿಂದ ಬೆದರಿಸಬಹುದು. ತಪ್ಪನ್ನು ತೂಗಬಹುದು. ಸುಳ್ಳು ಸೇರಿಕೊಂಡಾಗ ತೂಗುವ ತಕ್ಕಡಿಯ ಮೇಲೆಯೇ ನಂಬಿಕೆ ಹೋಗುತ್ತದೆ.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಕಾನೂನು ಬೇರೆಯಾಗಿದೆ. ಇದನ್ನು ಇಲ್ಲಿರುವ ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. 2015ರ ಬಾಲನ್ಯಾಯ ಕಾಯಿದೆಯಂತೆ, ಬಾಲಕನಾಗಿದ್ದಾಗ ನಡೆದ ಅಪರಾಧದ ಕಾರಣಕ್ಕೆ ಮುಂದೆ ಅನರ್ಹತೆ ಬರುವುದಿಲ್ಲ. ನಿಗದಿತ ಅವಧಿಯ ನಂತರ ಆ ದಾಖಲೆಗಳನ್ನು ನಾಶಪಡಿಸಬೇಕು. ಮುಗಿದ ಪ್ರಕರಣದ ವಿವರವನ್ನು ನಡತೆಯ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ. ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಆಯ್ಕೆಯಾದ ಯುವಕನೊಬ್ಬನಿಗೆ ಬಾಲ್ಯದ ಮೊಕದ್ದಮೆಯೊಂದು ಅಡ್ಡಿಯಾದಾಗ, 2019ರಲ್ಲಿ ಸುಪ್ರೀಂ ಕೋರ್ಟು ಇದೇ ತತ್ತ್ವದ ಮೇಲೆ ಅವನಿಗೆ ನ್ಯಾಯ ಒದಗಿಸಿತು. ಹದಿನಾರು ದಾಟಿದವರು ಘೋರ ಅಪರಾಧ ಎಸಗಿ, ವಯಸ್ಕರಂತೆ ವಿಚಾರಣೆಗೆ ಒಳಗಾದರೆ ಮಾತ್ರ ಈ ರಕ್ಷಣೆ ದೊರೆಯದೆ ಹೋಗಬಹುದು. ಮಗುವಿಗೆ ಹೊಸದಾಗಿ ಆರಂಭಿಸುವ ಅವಕಾಶ ಬೇಕು ಎಂಬುದನ್ನು ದೇಶದ ಕಾನೂನೇ ಒಪ್ಪಿರುವಾಗ, ಎಂಟನೆಯ ತರಗತಿಯಲ್ಲಿ ಒಮ್ಮೆ ಎಡವಿದವನನ್ನು ಹತ್ತನೆಯ ತರಗತಿಯವರೆಗೂ ‘ಅವನು ಹಾಗೆಯೇ’ ಎಂದು ಕರೆಯುವುದು ಅಧ್ಯಾಪಕರಾದ ನಮಗೆ ಭೂಷಣವಲ್ಲ.

ಅಪಾಯ ಇರುವುದು ಅದರ ನಂತರದ ನಾಲ್ಕೈದು ವರ್ಷಗಳಲ್ಲಿ, ಪ್ಲಸ್ ಟು ಮುಗಿಸಿ ಕಾಲೇಜು ಸೇರುವ ಹೊತ್ತಿನಲ್ಲಿ. ಹರತಾಳದ ದಿನ ಗುಂಪಿನಲ್ಲಿ ನಿಂತು ಕಲ್ಲೆಸೆದವನು ಕ್ಯಾಮೆರಾದಲ್ಲಿ ಸಿಕ್ಕಿಬೀಳುತ್ತಾನೆ. 2022ರಲ್ಲಿ ಅಗ್ನಿಪಥ ಯೋಜನೆಯ ವಿರುದ್ಧ ಹಲವೆಡೆ ರೈಲುಗಳಿಗೆ ಬೆಂಕಿ ಬಿದ್ದಾಗ ಸೇನೆಯ ಅಧಿಕಾರಿಗಳು ಹೇಳಿದ್ದನ್ನು ನೆನಪಿಸಿಕೊಳ್ಳಿ: ಸೇರಬಯಸುವ ಪ್ರತಿಯೊಬ್ಬನೂ ತಾನು ಹಿಂಸೆಯಲ್ಲಿ ಭಾಗಿಯಾಗಿಲ್ಲವೆಂದು ಬರೆದುಕೊಡಬೇಕು, ಪೊಲೀಸ್ ಪರಿಶೀಲನೆಯಿಲ್ಲದೆ ಯಾರಿಗೂ ಪ್ರವೇಶವಿಲ್ಲ. ಸೇನೆಗೆ ಸೇರುವ ಆಸೆಯಿಂದಲೇ ಬೀದಿಗಿಳಿದ ಹುಡುಗರಿಗೆ ಅದೇ ಬೀದಿ ಅಡ್ಡಗೋಡೆಯಾಯಿತು.

ರ‍್ಯಾಗಿಂಗ್ ಇನ್ನೊಂದು. ಅದನ್ನು ಹಲವರು ಇಂದಿಗೂ ತಮಾಷೆ ಎಂದೇ ತಿಳಿದಿದ್ದಾರೆ. ಕೇರಳದ 1998ರ ಕಾಯಿದೆಯಂತೆ ಅದಕ್ಕೆ 2 ವರ್ಷಗಳವರೆಗೆ ಸೆರೆವಾಸವೂ 10,000 ರೂಪಾಯಿಗಳವರೆಗೆ ದಂಡವೂ ಇದೆ. ಅಪರಾಧ ಸಾಬೀತಾಗಿ ಹೊರಹಾಕಲ್ಪಟ್ಟವನಿಗೆ 3 ವರ್ಷ ಬೇರೆಲ್ಲೂ ಪ್ರವೇಶವಿಲ್ಲ. ‘ವಿದ್ಯಾಸಂಸ್ಥೆಯಿಂದ ಹೊರಹಾಕಲಾಗಿದೆಯೇ’ ಎಂಬ ಕಲಂ ಆಗ ಅವನ ಎದುರು ಬಂದು ನಿಲ್ಲುತ್ತದೆ.

ಗಾಂಜಾ ಮತ್ತು ಇತರ ಅಮಲು ಪದಾರ್ಥಗಳ ಪಿಡುಗು ನಮ್ಮ ಜಿಲ್ಲೆಗೆ ಹೊಸತಲ್ಲ. ಸ್ವಲ್ಪವೇ ಇತ್ತು, ಸೇದಲು ಮಾತ್ರ ಇಟ್ಟುಕೊಂಡಿದ್ದೆ ಎಂದರೂ 1985ರ ಮಾದಕದ್ರವ್ಯ ಕಾಯಿದೆಯಡಿ ಅದು ಅಪರಾಧವೇ. ಆದರೆ ವ್ಯಸನಿಯಾದವನು ತಾನಾಗಿಯೇ ಮುಂದೆ ಬಂದು ಚಿಕಿತ್ಸೆ ಪಡೆದರೆ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಅದೇ ಕಾಯಿದೆ ಮೊಕದ್ದಮೆಯಿಂದ ರಕ್ಷಣೆಯನ್ನೂ ಕೊಡುತ್ತದೆ. ಮಾನ ಹೋಗುತ್ತದೆಂಬ ಹೆದರಿಕೆಯಿಂದ ಚಿಕಿತ್ಸೆಯನ್ನು ಮುಂದೂಡುವ ಮನೆಗಳು ಈ ಮಾತನ್ನು ಕೇಳಿಸಿಕೊಳ್ಳಬೇಕು.

ಇನ್ನು ಈಚಿನ ಉಪದ್ರವ ‘ಬಾಡಿಗೆ ಖಾತೆ’. ಯಾರೋ ಪರಿಚಯದವರು ಬಂದು, ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಇಷ್ಟನ್ನು ಕೊಡು, ತಿಂಗಳಿಗೆ ಇಷ್ಟು ದುಡ್ಡು ಕೊಡುತ್ತೇವೆ ಎನ್ನುತ್ತಾರೆ. ಎಲ್ಲಿಯೋ ಒಬ್ಬ ನಿವೃತ್ತರನ್ನು ವಂಚಿಸಿದ ಹಣ ಆ ಖಾತೆಯ ಮೂಲಕ ಹರಿದುಹೋಗುತ್ತದೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಯದ್ದು. ‘ನನಗೇನೂ ಗೊತ್ತಿರಲಿಲ್ಲ’ ಎಂಬ ಮಾತು ನಿಜವೇ ಆಗಿದ್ದರೂ ಅದನ್ನು ಸಾಬೀತುಪಡಿಸುವಷ್ಟರಲ್ಲಿ ನೌಕರಿಗೆ ಸೇರುವ ವಯಸ್ಸು ಮೀರಿರುತ್ತದೆ.

ಈಗ ಹೆತ್ತವರಿಗೆ ಒಂದು ಮಾತು. ಮಗ ಜಗಳದಲ್ಲಿ ಸಿಕ್ಕಿಕೊಂಡಾಗ ನಮ್ಮ ಮೊದಲ ಯೋಚನೆ ‘ಇದನ್ನು ಹೇಗೆ ಮುಚ್ಚಿಹಾಕುವುದು’ ಎಂಬುದು. ಯಾರ ಪರಿಚಯವಿದೆ, ಯಾರಿಂದ ಹೇಳಿಸುವುದು ಎಂದು ಓಡಾಡುತ್ತೇವೆ. ಅದರ ಬದಲು ಆ ಪ್ರಕರಣದ ಕಾಗದಗಳನ್ನು ಜೋಡಿಸಿ ಇಡಿ. ದೂರಿನ ಸಂಖ್ಯೆ, ಸೆಕ್ಷನ್, ನ್ಯಾಯಾಲಯದ ತೀರ್ಪಿನ ಪ್ರತಿ, ಇವು ಹತ್ತು ವರ್ಷಗಳ ನಂತರ ಬೇಕಾಗುತ್ತವೆ. ನಮೂನೆ ತುಂಬುವ ಮುನ್ನ ಒಬ್ಬ ವಕೀಲರಿಗೆ ತೋರಿಸಿ. ನಮೂನೆ ಕೊಟ್ಟ ನಂತರ ಏನಾದರೂ ನಡೆದರೆ ಅದನ್ನೂ ಕೂಡಲೇ ತಿಳಿಸಬೇಕೆಂಬ ಸೂಚನೆ ಆ ನಮೂನೆಯಲ್ಲಿಯೇ ಇದೆ. ಇವೆಲ್ಲಕ್ಕಿಂತ ಮಿಗಿಲಾಗಿ, ತಪ್ಪು ಮಾಡಿದ ದಿನ ಮಗು ಬಂದು ನಿಮ್ಮಲ್ಲಿ ಹೇಳುವಂತಿರಬೇಕು. ಮನೆಯಲ್ಲಿ ನಿಜ ಹೇಳಿ ಪೆಟ್ಟು ತಿಂದು, ಸುಳ್ಳು ಹೇಳಿ ಪಾರಾದ ಮಗು ಸರಕಾರದ ನಮೂನೆಯಲ್ಲಿ ಮಾತ್ರ ನಿಜ ಬರೆಯುತ್ತದೆಂದು ಹೇಗೆ ನಿರೀಕ್ಷಿಸುವುದು?

ಸಹೋದ್ಯೋಗಿಗಳಿಗೂ ಒಂದು ಬಿನ್ನಹ. ನಡತೆಯ ಪ್ರಮಾಣಪತ್ರದಲ್ಲಿ ಎಲ್ಲರಿಗೂ ‘ಉತ್ತಮ’ ಎಂದು ಒಂದೇ ಪದ ಬರೆದು ಕೊಡುವುದು ಶಾಲೆಗಳಲ್ಲಿ ಬೆಳೆದುಬಂದ ಪದ್ಧತಿ. ಅದರಿಂದ ಒಳ್ಳೆಯ ಮಗುವಿಗೆ ಲಾಭವಿಲ್ಲ, ದಾರಿತಪ್ಪಿದ ಮಗುವಿಗೆ ಎಚ್ಚರಿಕೆಯೂ ಇಲ್ಲ. ಒಂದು ಮಗುವಿನ ಬಗ್ಗೆ ನಿಜವಾಗಿ ಹೇಳಬಹುದಾದ ಒಳ್ಳೆಯ ಮಾತು ಪ್ರತಿ ಅಧ್ಯಾಪಕರಿಗೂ ತಿಳಿದಿರಬೇಕು. ಪರೀಕ್ಷೆಯಲ್ಲಿ ನಕಲು ಮಾಡಿದವನನ್ನು ಕನಿಕರದಿಂದ ಬಿಟ್ಟುಬಿಡುವುದೂ ಬೇಡ, ಸಿಟ್ಟಿನಿಂದ ನಾಶಮಾಡುವುದೂ ಬೇಡ. ಮುಂದೆ ಅವನು ಉತ್ತರಿಸಬೇಕಾಗುವ ಪ್ರಶ್ನೆ ಯಾವುದೆಂದು ಕುಳ್ಳಿರಿಸಿ ಹೇಳೋಣ.

ಈ ಶತಮಾನೋತ್ಸವದ ನೆನಪಿಗೆ ಶಾಲೆ ಒಂದು ಸಣ್ಣ ಕೆಲಸವನ್ನು ಕೈಗೆತ್ತಿಕೊಳ್ಳಲಿದೆ. ಹತ್ತನೆಯ ತರಗತಿಯ ಕನ್ನಡ, ಇಂಗ್ಲಿಷ್ ಮತ್ತು ಹಿಂದಿ ಅಧ್ಯಾಪಕರು ಸೇರಿ, ಮಕ್ಕಳಿಗೆ ನಮೂನೆಗಳನ್ನು ಓದುವುದನ್ನೂ ತುಂಬುವುದನ್ನೂ ಕಲಿಸಲಿದ್ದಾರೆ. ಬಂಧನ, ಮೊಕದ್ದಮೆ, ಖುಲಾಸೆ, ಶಿಕ್ಷೆ, ಮುಚ್ಚಳಿಕೆ, ಈ ಪದಗಳನ್ನು ಮೊದಲು ಕನ್ನಡದಲ್ಲಿ ಅರ್ಥಮಾಡಿಕೊಂಡು ಬಳಿಕ ಬೇರೆ ಭಾಷೆಗಳಲ್ಲಿ ಗುರುತಿಸುವುದು ಪಾಠದ ಕ್ರಮ. ಸೇನೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ, ನ್ಯಾಯಾಲಯಗಳಲ್ಲಿ ದುಡಿಯುತ್ತಿರುವ, ದುಡಿದು ನಿವೃತ್ತರಾದ ಹಳೆ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ನಮಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಬಾಯಿಂದ ಕೇಳಿದರೆ ಮಕ್ಕಳು ನಂಬುತ್ತಾರೆ.

ಮಕ್ಕಳೇ, ನಿಮಗೆ ಹೇಳುವುದು ಇಷ್ಟೇ. ತಪ್ಪಿನಿಂದ ದೂರವಿರಿ. ಎಡವಿದರೆ ಅಂದೇ ಹೇಳಿ. ಮುಂದೊಂದು ದಿನ ಸರಕಾರ ನಿಮ್ಮ ಮುಂದೆ ಕಾಗದವೊಂದನ್ನಿಟ್ಟು ‘ಎಂದಾದರೂ’ ಎಂದು ಕೇಳಿದಾಗ, ಪ್ರಶ್ನೆಯನ್ನು ಪೂರ್ತಿ ಓದಿ, ಅರ್ಥಮಾಡಿಕೊಂಡು, ನಿಜವಾದದ್ದನ್ನು ನಿಮ್ಮದೇ ಕೈಯಿಂದ ಬರೆಯಿರಿ. ಕನ್ನಡದಲ್ಲಿ ಓದಿದವರಿಗೆ ಅಷ್ಟು ಸಾಮರ್ಥ್ಯವೂ ಅಷ್ಟು ಧೈರ್ಯವೂ ಇದೆ ಎಂಬುದನ್ನು ತೋರಿಸುವ ಹೊಣೆ ಇನ್ನು ನಿಮ್ಮದು.